ಕೊಳಗದಿಂದ ಶುರುವಾದ ಜಗಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ತೂಕ, ದರ, ಕೂಲಿಯ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿಯ ಬೆಲೆ ಹರಾಜಿನ ದಿನ ಕುಸಿದರೆ ಮನೆಯ ಮದುವೆಯೇ ಮುಂದಕ್ಕೆ ಹೋಗುತ್ತದೆ. ಕ್ರಾಂತಿ, ಸಮಾಜ ಬದಲಾವಣೆ ಎಂದು ಆಸೆಯಿಂದ ಪುಸ್ತಕ ಕೇಳುವ ಇಲ್ಲಿನ ಕಾಲೇಜು ಮಕ್ಕಳಿಗೆ ನಾನು ಮೊದಲು ಹೇಳುವುದು ಮಾರ್ಕ್ಸ್ ಹೆಸರನ್ನಲ್ಲ, ನಾ. ಡಿಸೋಜರ ‘ಕೊಳಗ’ ಕಾದಂಬರಿಯನ್ನು.

ಅದರ ಹಿನ್ನೆಲೆ 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆಯೇ ತಕರಾರು ಎದ್ದಿತು. ಒಡೆಯರ ಅಂಗಳದಲ್ಲಿ ಭತ್ತ ಸುರಿದು, ಆ ಕೊಳಗ ತುಂಬುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ ದೀವರ ಒಕ್ಕಲುಗಳು ಎದುರು ಮಾತಾಡಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಎಂಬ ಮಾತು 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಕಾನೂನಾಗಲು ಮತ್ತೆ ಎರಡು ದಶಕ ಬೇಕಾಯಿತು. ಅಷ್ಟು ದೀರ್ಘ ತಾಳ್ಮೆ ಎಂಥದೆಂದು ತಿಳಿಯಲು ಜಿ. ರಾಜಶೇಖರ ಅವರ ‘ಕಾಗೋಡು ಸತ್ಯಾಗ್ರಹ’ವನ್ನೂ ಜೊತೆಗಿಟ್ಟುಕೊಂಡು ಓದಬೇಕು.

ನಿರಂಜನರ ‘ಚಿರಸ್ಮರಣೆ’ (1955) ನನಗೆ ಇನ್ನೂ ಹತ್ತಿರದ್ದು. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟದ ಕಥೆ ಅದು. ಅಲ್ಲಿನ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿ ಬಡರೈತರ ಮಕ್ಕಳಾದ ಅಪ್ಪು, ಚಿರುಕಂಡರ ಕಣ್ಣು ತೆರೆಸುವವರು ಒಬ್ಬ ಮೇಷ್ಟ್ರು. ಬಂದೂಕಿಗಿಂತ ಮೊದಲು ಅಕ್ಷರ ಬರುತ್ತದೆ, ಈ ಪುಸ್ತಕವನ್ನು ನಾನು ಪ್ರೀತಿಸುವುದು ಅದಕ್ಕೇ.

ಜಮೀನಿನ ಕಥೆ ಇಷ್ಟಕ್ಕೇ ಮುಗಿದರೆ ಕೇರಿ ಹೊರಗುಳಿಯುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬಾಲಕ ತನ್ನ ಅಪ್ಪನ ಹೆಗಲ ಮೇಲೆ ನೊಗ ನೋಡುತ್ತಾನೆ, ಎತ್ತು ಇರಬೇಕಾದ ಜಾಗದಲ್ಲಿ ಅಪ್ಪ. ತೋಟ ಇರುವವರ ಮನೆಯಲ್ಲೇ ಈ ಪುಟವನ್ನು ಗಟ್ಟಿಯಾಗಿ ಓದಬೇಕು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ದಿನವಿಡೀ ಸುಲಿಯುವ ಕೈಗಳಿಗೆ ಸಿಗುವ ಕೂಲಿಯ ಲೆಕ್ಕವೂ ಆಗ ಮಾತಿಗೆ ಬಂದೀತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಇದರ ಬೆನ್ನಿಗೇ ಓದಿ.

ಪುಸ್ತಕಗಳಾಚೆ ತೆಂಗು ಬೆಳೆಗಾರರದೇ ಒಂದು ದಂಗೆಯೂ ಇದೆ. ನುಸಿ ರೋಗಕ್ಕೆ ತೋಟ ಸೊರಗಿದಾಗ, 2001ರಲ್ಲಿ ರೈತ ಸಂಘ ಅಬಕಾರಿ ಕಾನೂನು ಮುರಿದು ನೀರಾ ಇಳಿಸಿತು. ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು.

ಕೊನೆಗೆ ತೇಜಸ್ವಿಯವರ ‘ಸಹಜ ಕೃಷಿ’. ಜಪಾನಿನ ಫುಕುವೋಕಾ ಉಳುಮೆಯನ್ನೇ ಬಿಟ್ಟು ಬೆಳೆದದ್ದು ಹೇಗೆಂದು ಅದು ಹೇಳುತ್ತದೆ. ತೆಂಗಿನ ಬುಡದಲ್ಲಿ ಗರಿ, ಮಟ್ಟೆ ಒಟ್ಟಿ ಬೆಂಕಿ ಇಡುವ ಮೊದಲು ಓದಿ.