ಕ್ಲಚ್ಚಿನ ಪರೀಕ್ಷೆ

ಮೋಟಾರಿನ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಇಳಿಸಿ, ದುರಸ್ತು ಮಾಡಿ, ಮತ್ತೆ ಜೋಡಿಸಿದೊಡನೆ ಕೆಲಸ ಮುಗಿಯಿತೆಂದು ತೋರುವುದು ಸಹಜ. ಆದರೆ ಅವೆರಡರ ನಡುವೆ ಕಣ್ಣಿಗೆ ಮರೆಯಾಗಿರುವ ಕ್ಲಚ್ಚು ಸರಿಯಾಗಿದೆಯೆಂದು ತಿಳಿಯುವವರೆಗೆ ಗಾಡಿಯನ್ನು ಬೀದಿಗೆ ತರತಕ್ಕದ್ದಲ್ಲ. ತುಳಿದರೂ ಬಿಡದ ಕ್ಲಚ್ಚುಳ್ಳ ಗಾಡಿ ಗೇರಿನಲ್ಲಿದ್ದರೆ, ಎಂಜಿನ್ನು ಹೊತ್ತಿದೊಡನೆ ನೆಗೆಯುತ್ತದೆ. ಎದುರಿಗೆ ನಿಂತವನಿಗೆ ಸರಿಯಲು ಸಮಯವಿರುವುದಿಲ್ಲ.

ಕ್ಲಚ್ಚಿನ ರಚನೆ ಸರಳವಾದುದು. ಎಂಜಿನ್ನಿನ ಕೊನೆಯಲ್ಲಿ ಫ್ಲೈವೀಲೆಂಬ ಭಾರವಾದ ಚಕ್ರವಿದೆ. ಗೇರುಪೆಟ್ಟಿಗೆಯಿಂದ ಹೊರಚಾಚಿದ ದಂಡದ ಮೇಲೆ, ಎರಡು ಮೈಗೂ ಘರ್ಷಣದ ಪಟ್ಟಿಯುಳ್ಳ ತಟ್ಟೆಯೊಂದು ಕುಳಿತಿರುತ್ತದೆ. ಬಲವಾದ ಸ್ಪ್ರಿಂಗು ಈ ತಟ್ಟೆಯನ್ನು ಫ್ಲೈವೀಲಿಗೆ ಅದುಮಿ ಹಿಡಿಯುವುದರಿಂದ ಎರಡೂ ಒಂದಾಗಿ ತಿರುಗುತ್ತವೆ. ಪೆಡಲನ್ನು ತುಳಿದಾಗ ಒಂದು ಬೇರಿಂಗು ಆ ಸ್ಪ್ರಿಂಗನ್ನು ಒತ್ತಿ ಹಿಡಿತವನ್ನು ಬಿಡಿಸುತ್ತದೆ. ಜೋಡಿಸುವಾಗ ಗೇರುಪೆಟ್ಟಿಗೆಯ ಭಾರವೆಲ್ಲ ದಂಡದ ಮೇಲೆ ಬಿದ್ದರೆ ತಟ್ಟೆ ಬಾಗುತ್ತದೆ. ಬಾಗಿದ ತಟ್ಟೆ ಎಷ್ಟು ತುಳಿದರೂ ಪೂರ್ತಿಯಾಗಿ ಬಿಡದು.

ಮೊದಲ ಪರೀಕ್ಷೆ ಎಂಜಿನ್ನು ನಿಂತಿರುವಾಗಲೇ ಆಗಬೇಕು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂಥ ಗಾಡಿಯಲ್ಲಿ ಪೆಡಲು ಕೇಬಲಿನಿಂದ ಕೆಲಸಮಾಡುತ್ತದೆ. ಪೆಡಲನ್ನು ಕೈಯಿಂದ ಮೆಲ್ಲನೆ ಒತ್ತಿದರೆ ಮೊದಲು ಸ್ವಲ್ಪ ಸಡಿಲು ಇರಬೇಕು. ಅದೆಷ್ಟೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಸಡಿಲು ಇಲ್ಲದಿದ್ದರೆ ಬೇರಿಂಗು ಸದಾ ಒತ್ತಿಕೊಂಡು ಸವೆಯುವುದು, ಕ್ಲಚ್ಚು ಜಾರುವುದು. ಅತಿಯಾದರೆ ಕ್ಲಚ್ಚು ಬಿಡದು. ದ್ರವದಿಂದ ನಡೆಯುವ ಕ್ಲಚ್ಚಿನಲ್ಲಿ ಪೆಡಲು ಮೆತ್ತಗಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಶಂಕಿಸಬೇಕು.

ಬಳಿಕ ಸಮನಾದ ನೆಲದಲ್ಲಿ ಮೊದಲನೆಯ ಗೇರು ಹಾಕಿ, ಪೆಡಲನ್ನು ಪೂರ್ತಿ ತುಳಿದು, ಇನ್ನೊಬ್ಬರಿಂದ ಗಾಡಿಯನ್ನು ತಳ್ಳಿಸೋಣ. ಅದು ಸಲೀಸಾಗಿ ಉರುಳಬೇಕು. ಪೆಡಲನ್ನು ಬಿಟ್ಟೊಡನೆ ತಡೆದು ನಿಲ್ಲಬೇಕು.

ಇಷ್ಟು ಸರಿಯಾದರೆ ಗೇರನ್ನು ತೆಗೆದು, ಕೈಬ್ರೇಕು ಎಳೆದು, ಮುಂದೆಯೂ ಹಿಂದೆಯೂ ಯಾರೂ ಇಲ್ಲವೆಂದು ನೋಡಿ ಎಂಜಿನ್ನನ್ನು ಹೊತ್ತಿಸಬಹುದು. ಪೆಡಲು ತುಳಿದಾಗ ಮಾತ್ರ ಕೇಳುವ ಸದ್ದು ಬಿಡಿಸುವ ಬೇರಿಂಗಿನದು. ತುಳಿದಾಗ ಅಡಗುವ ಸದ್ದು ಸಾಮಾನ್ಯವಾಗಿ ಗೇರುಪೆಟ್ಟಿಗೆಯದು. ಈಗ ಪೆಡಲು ತುಳಿದು, ಮೂರು ನಾಲ್ಕು ಕ್ಷಣ ತಡೆದು, ರಿವರ್ಸ್ ಗೇರು ಹಾಕೋಣ. ಹಲ್ಲುಗಳು ಕರಕರ ಎಂದರೆ ತಟ್ಟೆ ಇನ್ನೂ ತಿರುಗುತ್ತಿದೆಯೆಂದು ಅರ್ಥ.

ಕೊನೆಯದು ನಿರ್ಜನವಾದ ರಸ್ತೆಯಲ್ಲಿ ನಡೆಸುವ ಪರೀಕ್ಷೆ. ಹೊರಡುವಾಗ ಗಾಡಿ ನಡುಗಿದರೆ ತಟ್ಟೆಗೆ ಎಣ್ಣೆ ತಗುಲಿರಬಹುದು, ಇಲ್ಲವೆ ಎಂಜಿನ್ನಿನ ಆಧಾರಗಳು ಸಡಿಲವಾಗಿರಬಹುದು. ಮೂರನೆಯ ಗೇರಿನಲ್ಲಿ ವೇಗ ಹೆಚ್ಚಿಸಿದಾಗ ಎಂಜಿನ್ನಿನ ಧ್ವನಿ ಮಾತ್ರ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ.

ಕೇಬಲನ್ನು ಸರಿಪಡಿಸಿದರೂ ದೋಷ ಉಳಿದರೆ ಗೇರುಪೆಟ್ಟಿಗೆಯನ್ನು ಮತ್ತೆ ಇಳಿಸುವುದೇ ಮಾರ್ಗ. ಒಂದು ದಿನದ ದುಡಿಮೆ ವ್ಯರ್ಥವಾಯಿತೆಂದು ಅದನ್ನು ಮುಂದೂಡುವವರುಂಟು. ಆದರೆ ನಡೆದಾಡುತ್ತ ತಾನೇ ಸರಿಹೋಗುವ ಕ್ಲಚ್ಚನ್ನು ಯಾರೂ ಕಂಡಿಲ್ಲ. ಇಳಿಜಾರಿನಲ್ಲೋ ಜನಸಂದಣಿಯಲ್ಲೋ ಕೈಕೊಡುವ ಕ್ಲಚ್ಚಿನ ಬೆಲೆಯಾದರೋ ದಿನಗೂಲಿಯ ಲೆಕ್ಕಕ್ಕೆ ಸಿಕ್ಕುವಂಥದಲ್ಲ.