ಕೊಕ್ಕಿಗೆ ಕೆಲಸ ಕೊಡಿ

ಮೊಟ್ಟೆಕೋಳಿಗಳ ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಈ ದೃಶ್ಯ ಕಣ್ಣಿಗೆ ಬೀಳಬಹುದು. ಒಂದು ಕೋಳಿ ಇನ್ನೊಂದರ ಹಿಂದೆ ಹೋಗಿ ಬಾಲದ ಬುಡದ ಗರಿಯನ್ನು ಕಚ್ಚಿ ಕೀಳುತ್ತದೆ, ಕಿತ್ತದ್ದನ್ನು ನುಂಗುತ್ತದೆ. ಅಲ್ಲಿ ಸಿಟ್ಟಿಲ್ಲ, ರೆಕ್ಕೆಯ ಬಡಿದಾಟವಿಲ್ಲ. ಜಗಳಕ್ಕೆ ನಿಂತ ಕೋಳಿ ಕುಕ್ಕುವುದು ಎದುರಾಳಿಯ ತಲೆಗೆ. ಯಾರು ಮೇಲು ಎಂಬುದು ಇತ್ಯರ್ಥವಾದರೆ ಅದು ಅಲ್ಲಿಗೆ ಮುಗಿಯಿತು. ಪುಕ್ಕ ಕೀಳುವ ಚಟ ಹಾಗೆ ಮುಗಿಯುವುದಿಲ್ಲ. ಬೆನ್ನು ಬೋಳಾಗಿ ರಕ್ತ ಜಿನುಗಿತೆಂದರೆ ಉಳಿದವೂ ಅದೇ ಜಾಗಕ್ಕೆ ಮುಗಿಬೀಳುತ್ತವೆ. ಜೀವಂತ ಕೋಳಿಯನ್ನೇ ಕುಕ್ಕಿ ತಿನ್ನುವವರೆಗೂ ಅದು ಹೋಗುತ್ತದೆ.

ಕೋಳಿಗೆ ಕೊಬ್ಬು ಹೆಚ್ಚಾಗಿದೆ ಎನ್ನುವವರಿದ್ದಾರೆ. ಸಂಶೋಧಕರಲ್ಲಿ ಹೆಚ್ಚಿನವರು ಹೇಳುವುದು ಬೇರೆ: ಇದು ದಾರಿ ತಪ್ಪಿದ ಮೇವಿನ ಹುಡುಕಾಟ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ಹಗಲಿನ ಬಹುಪಾಲು ಹೊತ್ತನ್ನು ನೆಲ ಕೆದರುತ್ತ, ಕುಕ್ಕುತ್ತ ಕಳೆಯುತ್ತದೆ. ಹಿತ್ತಿಲಿನ ನಾಟಿ ಕೋಳಿಯ ದಿನಚರಿಯೂ ಅದೇ. ಬೆಳಿಗ್ಗೆ ಎರಡು ಹಿಡಿ ರಾಗಿ ಎರಚಿದರೂ ಅದು ತಿಪ್ಪೆ ಬಿಡುವುದಿಲ್ಲ. ಶೆಡ್ಡಿನ ಕೋಳಿಗೆ ಬೇಕಾದ್ದೆಲ್ಲ ಬೆರೆತ ಫೀಡು ನಿಂತಲ್ಲೇ ಸಿಗುತ್ತದೆ. ಹೊಟ್ಟೆ ತುಂಬುತ್ತದೆ, ಕೊಕ್ಕಿನ ಹಸಿವು ಹಾಗೇ ಉಳಿಯುತ್ತದೆ. ಕೆದರಲು ನೆಲವಿಲ್ಲದಿದ್ದರೆ ಪಕ್ಕದ ಕೋಳಿಯ ಬೆನ್ನಾದರೂ ಆದೀತು.

ಹಾಗೆಂದು ಫೀಡಿನ ಪಾಲನ್ನು ತಳ್ಳಿಹಾಕುವಂತಿಲ್ಲ. ಗರಿಯ ಸುಮಾರು ಶೇ 90 ಭಾಗ ಪ್ರೋಟೀನು. ಗಂಧಕವಿರುವ ಅಮೈನೋ ಆಮ್ಲಗಳು ಅದರಲ್ಲಿ ಹೆಚ್ಚು. ಅವುಗಳಲ್ಲೊಂದಾದ ಮೆಥಿಯೋನಿನ್ ಕಡಿಮೆ ಬಿದ್ದರೆ ಗರಿಯೂ ಸರಿಯಾಗಿ ಬರುವುದಿಲ್ಲ, ಕುಕ್ಕಾಟವೂ ಏರುತ್ತದೆ. ಉಪ್ಪು ಕಡಿಮೆಯಾದರೂ ಇದೇ ಪಾಡು. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳ ಮನೆಯಲ್ಲೇ ಬೆಳೆಯುತ್ತದೆ, ಸೋಯಾ ಹಿಂಡಿಗೆ ಕಾಸು ಬಿಚ್ಚಬೇಕು. ಸೋಯಾ ಬೆಲೆ ಏರಿದಾಗ ಜೋಳವನ್ನೇ ಜಾಸ್ತಿ ಸುರಿಯುವ ಆಸೆ ಸಹಜ. ಆದರೆ ಮೆಕ್ಕೆಜೋಳದಲ್ಲಿ ಲೈಸಿನ್, ಟ್ರಿಪ್ಟೊಫ್ಯಾನ್ ಎರಡೂ ಕೊರತೆ. ನಡವಳಿಕೆಯ ಮೇಲೆ ಪ್ರಭಾವ ಬೀರುವ ಮಿದುಳಿನ ಸೆರೊಟೋನಿನ್ ತಯಾರಾಗಬೇಕಾದ್ದು ಟ್ರಿಪ್ಟೊಫ್ಯಾನ್‌ನಿಂದಲೇ. ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಮರಿಗಳ ಫೀಡಿಗೆ ಶೇ 2ರಷ್ಟು ಟ್ರಿಪ್ಟೊಫ್ಯಾನ್ ಸೇರಿಸಿದಾಗ ಒಂದರ ಗರಿಯನ್ನೊಂದು ಮೆಲ್ಲಗೆ ಕುಕ್ಕುವುದು ಇಳಿಯಿತು. ರೈತರು ಅದನ್ನು ಕೊಂಡು ಬೆರೆಸಬೇಕೆಂದಲ್ಲ. ಅಷ್ಟು ದುಡ್ಡಿಗೆ ಹಿಂಡಿಯೇ ಬಂದೀತು.

ನಾವು ಕಡೆಗಣಿಸಿರುವುದು ನಾರನ್ನು. ಫೀಡಿನಲ್ಲಿ ಹೊಟ್ಟು ಕಂಡರೆ ಕಲಬೆರಕೆ ಎಂದೇ ನಮ್ಮ ಲೆಕ್ಕ. ಕೋಳಿ ನುಂಗಿದ ಗರಿ ಕರುಳಿನಲ್ಲಿ ಒರಟು ನಾರಿನಂತೆಯೇ ವರ್ತಿಸುತ್ತದೆ, ಆಹಾರ ಬೇಗ ಮುಂದೆ ಸಾಗುತ್ತದೆ. ಕರಗದ ನಾರು ಸಾಕಷ್ಟಿರುವ ಫೀಡು ತಿಂದ ಕೋಳಿಗಳು ಗರಿಗೆ ಬಾಯಿ ಹಾಕುವುದು ಕಡಿಮೆ ಎಂಬುದು ಓಟ್ಸ್ ಹೊಟ್ಟಿನ ಪ್ರಯೋಗಗಳಲ್ಲಿ ಕಂಡಿದೆ. ಫೀಡಿನ ರೂಪವೂ ಮುಖ್ಯ. ಗುಳಿಗೆಯಂಥ ಪೆಲೆಟ್ ಬೇಗ ಖಾಲಿಯಾಗುತ್ತದೆ, ಪುಡಿ ತಿನ್ನಲು ಹೊತ್ತು ಹಿಡಿಯುತ್ತದೆ. ನಮ್ಮ ಲೇಯರ್ ಫಾರಂಗಳಲ್ಲಿ ಪುಡಿ ಫೀಡೇ ಹೆಚ್ಚು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಲೋಡಿನಿಂದ ಲೋಡಿಗೆ ಮಿಶ್ರಣ ಬದಲಾಗುವುದು ಮಾತ್ರ ಕೆಟ್ಟದ್ದು. ಹೊಸದನ್ನು ಹಳೆಯದರ ಜೊತೆ ಬೆರೆಸುತ್ತ ವಾರವಿಡೀ ನಿಧಾನವಾಗಿ ಒಗ್ಗಿಸಬೇಕು.

ಕೊಕ್ಕಿನ ಅಭ್ಯಾಸ ಕೂರುವುದು ಮರಿಗಾಲದಲ್ಲಿ. ಮೊದಲ ವಾರಗಳಲ್ಲೇ ಭತ್ತದ ಹೊಟ್ಟಿನ ಒಣ ನೆಲಹಾಸು (ಲಿಟರ್) ಸಿಕ್ಕಿದ ಮರಿಗಳು ಕುಕ್ಕುವುದನ್ನು ನೆಲದ ಮೇಲೆ ಕಲಿಯುತ್ತವೆ. ಪ್ರಖರ ಬೆಳಕು ಕುಕ್ಕಾಟವನ್ನು ಹೆಚ್ಚಿಸುತ್ತದೆ. ಮೊಟ್ಟೆಯಿಡುವ ಗೂಡಿಗೂ ಬಿಸಿಲು ಬೀಳುತ್ತಿದ್ದರೆ, ಮೊಟ್ಟೆಯಿಟ್ಟ ಕ್ಷಣ ಹೊರಚಾಚಿದ ಕೆಂಪು ಗುದದ್ವಾರ ಉಳಿದವುಗಳ ಕಣ್ಣಿಗೆ ಬೀಳುತ್ತದೆ. ಮೈ ಬೆಳೆಯುವ ಮೊದಲೇ ಲೈಟು ಹಾಕಿ ಮೊಟ್ಟೆಗೆ ಎಳೆದ ಕೋಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಉದ್ಯಮ ಇದಕ್ಕೆಲ್ಲ ಕಂಡುಕೊಂಡ ಪರಿಹಾರ ಕೊಕ್ಕನ್ನೇ ಕತ್ತರಿಸುವುದು. ಕಾದ ಬ್ಲೇಡಿನಿಂದ ಮರಿಯ ಕೊಕ್ಕಿನ ತುದಿ ತೆಗೆಯುವ ಡಿಬೀಕಿಂಗ್ ನಮ್ಮಲ್ಲಿ ಮಾಮೂಲು ಕೆಲಸ. ಆ ತುದಿಯಲ್ಲಿ ನರಗಳಿವೆ, ನೋವೂ ಇದೆ. ಜರ್ಮನಿಯ ಮೊಟ್ಟೆ ಉದ್ಯಮ 2017ರಿಂದ ಸ್ವಯಂ ಒಪ್ಪಂದದಂತೆ ಇದನ್ನು ಬಿಟ್ಟಿತು. ನೆದರ್ಲೆಂಡ್ಸ್ 2018ರಲ್ಲಿ ನಿಷೇಧಿಸಿತು. 2016ಕ್ಕೆ ನಿಷೇಧಿಸುತ್ತೇವೆ ಎಂದಿದ್ದ ಬ್ರಿಟನ್ ಮಾತ್ರ ಹಿಂದೆ ಸರಿಯಿತು. ಅದರ ಅಳುಕಿಗೂ ಅರ್ಥವಿದೆ. ಬೇರೇನನ್ನೂ ಬದಲಿಸದೆ ಕೊಕ್ಕು ಕತ್ತರಿಸುವುದನ್ನಷ್ಟೇ ನಿಲ್ಲಿಸಿದರೆ ಸಾಯುವ ಕೋಳಿಗಳ ಸಂಖ್ಯೆಯೇ ಹೆಚ್ಚೀತು.

ತಳಿಯ ಮಾತೂ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮುಯಿರ್, ಹೆಚ್ಚು ಮೊಟ್ಟೆಯಿಟ್ಟ ಒಂಟಿ ಕೋಳಿಯನ್ನು ಆರಿಸುವ ಬದಲು ಇಡೀ ಪಂಜರವಾಗಿ ಚೆನ್ನಾಗಿ ಬಾಳಿದ ಗುಂಪುಗಳನ್ನು ಆರಿಸಿ ಸಂತಾನ ಮುಂದುವರಿಸಿದರು. ಕೊಕ್ಕು ಕತ್ತರಿಸದೆಯೇ, ಎರಡನೇ ತಲೆಮಾರಿನಲ್ಲಿ ಶೇ 68 ಇದ್ದ ವಾರ್ಷಿಕ ಸಾವು ನಾಲ್ಕನೆಯದರಲ್ಲಿ ಶೇ 9ರ ಆಸುಪಾಸಿಗೆ ಇಳಿಯಿತು. 1996ರಲ್ಲಿ ಇದು ಪ್ರಕಟವಾಯಿತು. ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಒಂಟಿಯಾಗಿ ಗೆಲ್ಲುವ ಕೋಳಿ ಕೆಲವೊಮ್ಮೆ ನೆರೆಯವರನ್ನು ಮುಗಿಸಿಯೇ ಗೆದ್ದಿರುತ್ತದೆ.

ತಳಿ ಬದಲಿಸುವುದು ಐವತ್ತು ಗಿರಿರಾಜ ಕೋಳಿ ಸಾಕುವವರ ಕೈಯಲ್ಲಿಲ್ಲ. ಅವರು ನುಗ್ಗೆಸೊಪ್ಪಿನ ಕಟ್ಟನ್ನು ಕೋಳಿ ಕತ್ತೆತ್ತಿ ಕುಕ್ಕುವಷ್ಟು ಎತ್ತರಕ್ಕೆ ತೂಗುಹಾಕಬಹುದು, ಮಧ್ಯಾಹ್ನ ಒಂದಿಷ್ಟು ಕಾಳನ್ನು ಲಿಟರಿಗೆ ಎರಚಿ ಹುಡುಕಲು ಬಿಡಬಹುದು. ಗಾಯವಾದ ಕೋಳಿಯನ್ನು ಆ ಕ್ಷಣವೇ ಬೇರೆ ಇಡಬೇಕು. ಕೀಳುವ ಚಟ ಹತ್ತಿದ್ದು ಯಾವುದಕ್ಕೆ ಎಂದು ತಿಳಿಯದಿದ್ದರೆ, ಬೋಳು ಬೆನ್ನುಗಳ ನಡುವೆ ಪುಕ್ಕವೆಲ್ಲ ನೆಟ್ಟಗಿರುವ ಕೋಳಿಯ ಮೇಲೆ ಮೊದಲು ಕಣ್ಣಿಡಿ.