ಕಾಲು ಮುರಿದವನು ಮತ್ತೆ ಕಡಲಿಗೆ ಇಳಿಯಬಹುದೇ?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಾದ ನಮಗೆ ಕಡಲು ದೂರದ ಮಾತು. ನಮ್ಮ ಮಕ್ಕಳು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಕೆರೆಗಳಲ್ಲಿ, ಭದ್ರಾ ನಾಲೆಯಲ್ಲಿ. ಆದರೆ ಈಚಿನ ವರ್ಷಗಳಲ್ಲಿ ಯುವಜನರು ಘಟ್ಟವಿಳಿದು ಮುರುಡೇಶ್ವರಕ್ಕೆ ಹೋಗಿ, ದೋಣಿಯೇರಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬರುವುದುಂಟು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ದಿವಂಗತ ಪುನೀತ್ ರಾಜ್‌ಕುಮಾರ್ ಅವರು ಅಲ್ಲಿನ ನೀರಿಗಿಳಿದುದನ್ನು ಕಂಡವರಲ್ಲಿ ಈ ಆಸೆ ಚಿಗುರಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಕಡಲಡಿಯ ಲೋಕವನ್ನು ಕಂಡು ಬಂದ ತರುಣನೊಬ್ಬ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡನೆಂದು ಭಾವಿಸೋಣ. ಪ್ಲಾಸ್ಟರ್ ಬಿಚ್ಚಿದ ದಿನ ತಾಯಿ ಹೇಳುತ್ತಾಳೆ: “ಇನ್ನು ನೀರಿನ ಸಹವಾಸವೇ ಬೇಡ ಮಗನೇ.” ಗೆಳೆಯರು ಹೇಳುತ್ತಾರೆ: “ಬರುವ ರಜೆಗೇ ಹೊರಡೋಣ ಕಣೋ.” ಎರಡೂ ಪ್ರೀತಿಯ ಮಾತುಗಳೇ. ಆದರೆ ಆ ಕಾಲು ಏನು ಹೇಳುತ್ತದೆಂದು ಕೇಳಿದವರು ಯಾರು?

ಧೈರ್ಯವೆಂಬುದು ಹೇಡಿತನಕ್ಕೂ ದುಡುಕಿಗೂ ನಡುವಣ ಗುಣವೆಂದು ಅರಿಸ್ಟಾಟಲ್ ತಿಳಿಸಿದನು. ಸಂತ ತೋಮಸ್ ಅಕ್ವಿನಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಲೆ ಬೀಳುವುದಕ್ಕಿಂತ ತಾಳಿ ನಿಲ್ಲುವುದೇ ಧೈರ್ಯದ ಮುಖ್ಯ ಕಾರ್ಯವೆಂದರು. ಹಾಗಾದರೆ ಗಾಯಗೊಂಡವನ ಧೈರ್ಯವು ಕಡಲಿಗೆ ಧುಮುಕುವ ಕ್ಷಣದಲ್ಲಿ ಅಲ್ಲ, ಅದಕ್ಕೆ ಮುಂಚಿನ ತಿಂಗಳುಗಳ ಬೇಸರದ ವ್ಯಾಯಾಮದಲ್ಲಿ ಕಾಣಬೇಕಾದುದಾಗಿದೆ.

ಇದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೊ 1936ರಲ್ಲಿ ಕಾರು ಅಪಘಾತಕ್ಕೀಡಾಗಿ ತೋಳುಗಳನ್ನು ಮುರಿದುಕೊಂಡರು. ವಿಮಾನ ಚಾಲಕನಾಗುವ ಕನಸು ಅಲ್ಲಿಗೆ ಮುಗಿಯಿತು. ತೋಳುಗಳಿಗೆ ಬಲ ಬರಲೆಂದು ಸಮುದ್ರದಲ್ಲಿ ಈಜತೊಡಗಿದ ಅದೇ ವ್ಯಕ್ತಿ, 1943ರಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರರೊಡನೆ ಸೇರಿ, ಇಂದಿನ ಸ್ಕೂಬಾ ಸಾಧನದ ಮೂಲರೂಪವಾದ ಆಕ್ವಾಲಂಗನ್ನು ಸಿದ್ಧಪಡಿಸಿದರು. ನಮ್ಮ ದೇಶದ ಸೈನಿಕ ಮುರಳೀಕಾಂತ್ ಪೇಟ್ಕರ್ ಅವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಬಾಕ್ಸಿಂಗ್ ತೊರೆಯಬೇಕಾಯಿತು. ಈಜಿನತ್ತ ತಿರುಗಿದ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸಿನಲ್ಲಿ ದೊರೆತ ಮೊದಲ ಚಿನ್ನವದು.

ನೀರು ದೇಹದ ಭಾರವನ್ನು ತಾನೇ ಹೊರುತ್ತದೆ; ಆದುದರಿಂದಲೇ ಪೆಟ್ಟಾದ ಕಾಲಿಗೆ ಅದು ಮಿತ್ರ. ಆದರೆ ನೀರಿಗೆ ಇಳಿಯುವ ಮುನ್ನ ಸುಮಾರು 14 ಕಿಲೋ ತೂಗುವ ಸಿಲಿಂಡರನ್ನು ಬೆನ್ನಿಗೇರಿಸಿ ಓಲಾಡುವ ದೋಣಿಯಲ್ಲಿ ನಿಲ್ಲಬೇಕು. ಅನಂತರ ಏಣಿ ಹತ್ತಬೇಕು. ಕಾಲಿಗೆ ತೊಡುವ ಉದ್ದನೆಯ ಫಿನ್ಸ್ ಪ್ರತಿ ಒದೆತದಲ್ಲೂ ಹರಡು ಮತ್ತು ಮಂಡಿಯನ್ನು ತಿರುಚುತ್ತವೆ. ಕೆಲವು ವಾರ ಕಟ್ಟಿಟ್ಟ ಕಾಲಿನ ಸ್ನಾಯು ಸೊರಗಿರುತ್ತದೆ. ಸೆಳೆತವಿರುವಲ್ಲಿ ಅದು ಹಿಡಿದುಕೊಂಡರೆ ಅಪಾಯ.

ಆದುದರಿಂದ ಕ್ರಮವೊಂದಿದೆ. ಮೊದಲು ಮೂಳೆ ವೈದ್ಯರ ಒಪ್ಪಿಗೆ. ಅನಂತರ ಕುಂಟದೆ ನಡೆಯುವುದು, ಮೆಟ್ಟಿಲು ಹತ್ತಿಳಿಯುವುದು, ಒಂಟಿಗಾಲಿನಲ್ಲಿ ನಿಲ್ಲುವುದು. ಆಮೇಲೆ ಈಜುಕೊಳ, ಅಲ್ಲಿಯೇ ಫಿನ್ಸ್ ತೊಟ್ಟು ಅಭ್ಯಾಸ. ಕಡೆಗೆ ಶಾಂತವಾದ, ಆಳವಿಲ್ಲದ ಕಡಲು. ಮೂಳೆಗೆ ಹಾಕಿದ ಲೋಹದ ಪ್ಲೇಟು, ಸರಳುಗಳು ಘನವಸ್ತುಗಳಾದ್ದರಿಂದ ನೀರಿನ ಒತ್ತಡಕ್ಕೆ ಕುಗ್ಗುವುದಿಲ್ಲ. ಅವು ತಾವೇ ಅಡ್ಡಿಯಲ್ಲ. ಆದರೆ ಹಸಿ ಗಾಯ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮಂಪರು ತರುವ ನೋವಿನ ಮಾತ್ರೆ, ಇವು ಅಡ್ಡಿಯೇ. ಸಿಲಿಂಡರನ್ನು ನೀರಿನಲ್ಲೇ ತೊಡಿಸಿ ನೀರಿನಲ್ಲೇ ಕಳಚಿಕೊಡಿರೆಂದು ತರಬೇತುದಾರರನ್ನು ಕೇಳಿಕೊಳ್ಳಲು ಸಂಕೋಚವೇಕೆ?

ಇನ್ನೊಂದು ಸೂಕ್ಷ್ಮವಿದೆ. 10 ಮೀಟರ್ ಆಳದಲ್ಲಿ ಒತ್ತಡವು ದಡದಲ್ಲಿರುವುದರ ಎರಡರಷ್ಟಾಗುತ್ತದೆ. ಉಸಿರಾಡುವ ಗಾಳಿಯ ಸಾರಜನಕ ದೇಹದೊಳಗೆ ಹೆಚ್ಚು ಕರಗುತ್ತದೆ. ಬೇಗನೆ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಕೀಲುನೋವು, ಮರಗಟ್ಟುವಿಕೆಗಳನ್ನು ತರಬಹುದು. ಹಳೆಯ ಗಾಯದ ಕಾಲಿನಲ್ಲಿ ಮೊದಲೇ ಜೋಮು ಇದ್ದರೆ, ಯಾವುದು ಗಾಯದ್ದು, ಯಾವುದು ಗುಳ್ಳೆಯದೆಂದು ವೈದ್ಯರಿಗೆ ತಿಳಿಯುವುದು ಕಷ್ಟ. ಆದ್ದರಿಂದ ಇಳಿಯುವ ಮುಂಚೆ ಕಾಲಿನ ಸ್ಥಿತಿಯನ್ನು ಬರೆದಿಡಿಸುವುದು ಒಳ್ಳೆಯದು. ಡೈವಿಂಗ್ ಕೇಂದ್ರದವರು ಕೊಡುವ ಆರೋಗ್ಯ ಪತ್ರದಲ್ಲಿ ಶಸ್ತ್ರಚಿಕಿತ್ಸೆಯನ್ನು ಮರೆಮಾಚುವುದು ತನಗೂ ಜೊತೆಗಾರನಿಗೂ ಬಗೆಯುವ ದ್ರೋಹ.

ನಮ್ಮ ಸೀಮೆಯವರು ಮನಸ್ಸಿನಲ್ಲಿಡಬೇಕಾದ ಮಾತೊಂದು ಉಳಿದಿದೆ. ನಮ್ಮ ಊರುಗಳು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿವೆ. ಘಟ್ಟವೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ವಿಮಾನವೇರಿದಂತೆಯೇ ಗುಳ್ಳೆಗಳ ಭಯವಿದೆ. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕರಾವಳಿಯಲ್ಲೇ ತಂಗಿ ಹೊರಡುವುದು ಕ್ಷೇಮ. ಅದೇ ಸಂಜೆ ಮನೆ ಸೇರಬೇಕೆಂಬ ಅವಸರ ಗಾಯಗೊಂಡವನಿಗೂ ಬೇಡ, ಗಟ್ಟಿಮುಟ್ಟಾದವನಿಗೂ ಬೇಡ.

ಹೆತ್ತವರೇ, ಮಗನಿಗೆ ‘ಎಂದಿಗೂ ಬೇಡ’ ಎನ್ನುವ ಬದಲು ‘ಕಾಲು ಗಟ್ಟಿಯಾಗಲಿ, ಅನಂತರ’ ಎನ್ನಿರಿ. ಬಾಯಿಮಾತಿಗೆ ನಿಲ್ಲದೆ, ವ್ಯಾಯಾಮದ ಹೊತ್ತಿಗೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ತರುಣರೇ, ನೇತ್ರಾಣಿ ಎಲ್ಲಿಗೂ ಓಡಿಹೋಗುವುದಿಲ್ಲ. ಮಳೆಗಾಲ ಕಳೆದು ಕಡಲು ತಿಳಿಯಾಗುವ ತನಕ ಅಲ್ಲಿಯ ದೋಣಿಗಳೇ ಕಾಯುತ್ತವೆ. ನೀವೂ ಒಂದು ಮಳೆಗಾಲ ಕಾಯಬಾರದೇ?